ಚಿತ್ತಿಲ್ಲದ ಪುಟ

ಸಭೆಯಲ್ಲಿ ನಡೆದದ್ದನ್ನು ಸಭೆಯ ಹಿಂದಿನ ದಿನವೇ ಬರೆದು ಮುಗಿಸುವುದು ನಮ್ಮ ಪುರಸಭೆಯ ಪದ್ಧತಿ. ಅದರಲ್ಲಿ ಮೋಸವಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹನ್ನೊಂದು ಜನ ಸದಸ್ಯರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಅಧ್ಯಕ್ಷರು ವಿಷಯ ಓದಿ, 'ಆಕ್ಷೇಪಣೆ?' ಎಂದು ಕೇಳಿ, ಎರಡು ಉಸಿರಿನಷ್ಟು ಹೊತ್ತು ಕಾದು, ಗಾಜಿನ ಪೇಪರ್‌ವೇಟನ್ನು ಮೇಜಿನ ಮೇಲೆ ಒಮ್ಮೆ ಕುಟ್ಟುತ್ತಿದ್ದರು. ಮೌನಂ ಸಮ್ಮತಿ ಲಕ್ಷಣಂ. ನಾನು ಗುಮಾಸ್ತನಾಗಿ ಸೇರಿದ ಮೊದಲ ಒಂಬತ್ತು ವರ್ಷಗಳಲ್ಲಿ ಆ ಎರಡು ಉಸಿರಿನ ನಡುವೆ ಯಾರೂ ಬಾಯಿ ತೆರೆದದ್ದಿಲ್ಲ. ಹೀಗಿರುವಾಗ ಸಭೆ ಮುಗಿಯಲಿ ಎಂದು ಕಾದು ಆಮೇಲೆ ಗಡಿಬಿಡಿಯಲ್ಲಿ ಗೀಚುವುದೇಕೆ? ಹಿಂದಿನ ಮಧ್ಯಾಹ್ನವೇ ಕಿಟಕಿಯ ಪಕ್ಕ ಕೂತು, ಕಾರ್ಯಸೂಚಿ ಮುಂದಿಟ್ಟುಕೊಂಡು, ಪ್ರತಿ ವಿಷಯದ ಕೆಳಗೂ 'ಚರ್ಚಿಸಿ, ಸರ್ವಾನುಮತದಿಂದ ಠರಾವು ಅಂಗೀಕರಿಸಲಾಯಿತು' ಎಂದು ಬರೆದಿಡುತ್ತಿದ್ದೆ. ಮರುದಿನ ಸದಸ್ಯರು ಬಂದ ಹಾಗೆ ಚಹಾದ ಲೋಟ ಒಂದು ಕೈಯಲ್ಲಿ ಹಿಡಿದು, ಕೊನೆಯ ಹಾಳೆಯ ಕೆಳಭಾಗದಲ್ಲಿ ಸಹಿ ಹಾಕುತ್ತಿದ್ದರು. ಮೇಲ್ಭಾಗವನ್ನು ನಾನು ಒಳಕ್ಕೆ ಮಡಚಿಟ್ಟಿರುತ್ತಿದ್ದೆ. ಅದು ಬರೀ ಹಾಜರಿ ಎಂದೇ ಅವರೆಲ್ಲ ತಿಳಿದಿದ್ದರು.

ಆ ಬಿಡಿ ಹಾಳೆಗಳನ್ನು ವರ್ಷದ ಕೊನೆಗೆ ಹೊಲಿದು ರಟ್ಟು ಹಾಕಿದರೆ ನಡಾವಳಿ ಪುಸ್ತಕ. ನನ್ನ ಅಕ್ಷರ ಚೆನ್ನಾಗಿತ್ತು ಎನ್ನುವುದನ್ನೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದೂ ಅದರಿಂದಲೇ. ಒಮ್ಮೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪುಸ್ತಕಗಳನ್ನು ಒಂದೊಂದಾಗಿ ತಿರುವಿ, 'ಇಷ್ಟು ವರ್ಷದಲ್ಲಿ ಒಂದು ಚಿತ್ತೂ ಇಲ್ವಲ್ರೀ' ಎಂದು ತಲೆದೂಗಿದರು. ಅವತ್ತಿನಿಂದ ಕಚೇರಿಯಲ್ಲಿ ನನಗೆ ಮುತ್ತು ಎಂದು ಹೆಸರು ಬಿತ್ತು. ಮನೆಯಲ್ಲಿ ಅತ್ತಿಗೆಯೂ ಅದನ್ನೇ ಹಿಡಿದಳು. ಸಂಜೆ ನಾನು ಚಪ್ಪಲಿ ಬಿಡುವಾಗ 'ಮುತ್ತಿನ ಸಾಹೇಬ್ರು ಬಂದ್ರು, ದಾರಿ ಬಿಡಿ' ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಕೂಗುತ್ತಿದ್ದಳು.

ಅತ್ತಿಗೆ ದರ್ಜಿ. ಕೆಳಬೀದಿಯ ಸ್ಥಾನ ಆ ಸಲದ ಚುನಾವಣೆಯಲ್ಲಿ ಹೆಂಗಸರಿಗೆ ಮೀಸಲಾದಾಗ, ಬೀದಿಯವರೆಲ್ಲ ಸೇರಿ ಬಾಯಿರುವವಳು ಇವಳೊಬ್ಬಳೇ ಎಂದು ನಿಲ್ಲಿಸಿ ಗೆಲ್ಲಿಸಿದರು. ನಮ್ಮನೇಲಿ ಮಾತಿಗೆ ಬರವಿಲ್ಲ, ಊರಿಗೂ ಒಂದಿಷ್ಟು ಹಂಚಲಿ ಎಂದು ಅಣ್ಣ ನಕ್ಕಿದ್ದ. ಆದರೆ ಮೊದಲನೆಯ ಸಭೆಯ ದಿನ, ವಿಷಯಗಳು ಶುರುವಾಗುವ ಮುಂಚೆಯೇ, ಅವಳು ದೀಪದ ಕಂಬದ ಬಗ್ಗೆ ಏನೋ ಕೇಳಹೋದಳು. ಅಧ್ಯಕ್ಷರಿಗೆ ಕಬ್ಬಿಣದ ಸಾಮಾನಿನ ಅಂಗಡಿ, ಸದಾ ಅಂಗಡಿಗೆ ಹೊರಡುವ ಅವಸರ. 'ಇದು ಹೊಲಿಗೆ ಕ್ಲಾಸಲ್ಲಮ್ಮ, ಒಂದೊಂದೇ ದಾರ ಪೋಣಿಸ್ತಾ ಕೂರೋಕೆ' ಎಂದರು. ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಅದಾದ ಮೇಲೆ ಒಂದೂವರೆ ವರ್ಷ ಅವಳು ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಮನೇಲಿ ಹುಲಿ ಬೀದೀಲಿ ಇಲಿ ಎಂದು ಅಣ್ಣ ಕಾಲೆಳೆದಾಗ ಖಾಲಿ ದಾರದ ರೀಲೊಂದು ಅವನ ಕಿವಿ ಸವರಿಕೊಂಡು ಹೋಗಿತ್ತು.

ಆ ತಿಂಗಳ ಏಳನೆಯ ವಿಷಯ ನಮ್ಮ ಬೀದಿಯ ಮೆಟ್ಟಿಲು. ಕೆಳಬೀದಿಯಿಂದ ಮಾರುಕಟ್ಟೆಗೆ ಹತ್ತಲು ಎಂಬತ್ತಾರು ಕಲ್ಲಿನ ಮೆಟ್ಟಿಲುಗಳಿದ್ದವು. ಅವನ್ನು ಕಿತ್ತು, ಅಲ್ಲಿ ತಡೆಗೋಡೆ ಕಟ್ಟಿ, ಮೇಲೆ ಗಾಡಿ ನಿಲ್ಲಿಸಲು ಜಾಗ ಮಾಡಬೇಕೆಂಬುದು ಪ್ರಸ್ತಾವ. ಕೆಳಗಿನವರು ಸೇತುವೆ ಸುತ್ತಿಕೊಂಡು ಬರಬೇಕು, ನಡೆದರೆ ಅರ್ಧ ಗಂಟೆ. ನಮ್ಮ ಅಮ್ಮ ಮಂಡಿನೋವಿನ ಔಷಧಿಗೆ ಆಸ್ಪತ್ರೆಗೆ ಹೋಗುತ್ತಿದ್ದದ್ದು ಆ ಮೆಟ್ಟಿಲುಗಳ ಮೇಲೆಯೇ, ಒಂದೊಂದಾಗಿ ಹತ್ತಿ, ಮೇಲ್ತುದಿಗೆ ಹತ್ತಿರದ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸಿಕೊಂಡು. ಇದೆಲ್ಲ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹಿಂದಿನ ಮಧ್ಯಾಹ್ನ ಏಳನೆಯ ವಿಷಯದ ಕೆಳಗೂ ಅದೇ ವಾಕ್ಯ ಬರೆದೆ. 'ಠರಾವು' ಎಂಬಲ್ಲಿ ಠ ದುಂಡಗೆ ಬಂತೇ ಎಂಬುದರ ಮೇಲೆಯೇ ನನ್ನ ಗಮನವೆಲ್ಲ ಇತ್ತು.

ಮರುದಿನ ಶುಕ್ರವಾರ. ಅಧ್ಯಕ್ಷರು ಏಳನೆಯದನ್ನು ಓದಿ, 'ಆಕ್ಷೇಪಣೆ?' ಎಂದರು. ಪೇಪರ್‌ವೇಟು ಆಗಲೇ ಮೇಲೆದ್ದಿತ್ತು.

'ಇದೆ' ಎಂದಳು ಅತ್ತಿಗೆ.

ಪೇಪರ್‌ವೇಟು ಗಾಳಿಯಲ್ಲೇ ನಿಂತಿತು. ಅತ್ತಿಗೆ ಎದ್ದು ನಿಂತು ಚೀಲದಿಂದ ಒಂದು ನೀಲಿ ಅಸ್ತರಿನ ಬಟ್ಟೆ ತೆಗೆದಳು. ಅದರ ತುಂಬ ಗುರುತು ಹಾಕುವ ಸೀಮೆಸುಣ್ಣದ ಗೆರೆಗಳು, ಐದೈದರ ಕಂತೆ. ದನಿ ಮೊದಲು ಸಣ್ಣಗೆ ಹೊರಟು ಆಮೇಲೆ ಗಟ್ಟಿಯಾಯಿತು.

'ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಈ ಮೆಟ್ಟಿಲಲ್ಲಿ ಒಂಬೈನೂರ ಹದಿನಾಲ್ಕು ಜನ ಓಡಾಡಿದಾರೆ. ಕೂತು ಎಣಿಸಿದೀನಿ. ಎರಡು ಸಲ ಬಂದವರನ್ನ ಒಂದೇ ಅಂತ ಹಿಡಿದಿದೀನಿ. ಗಾಡಿ ಇರೋರು ಗಾಡೀಲಿ ಬರ್ತಾರೆ, ಕಾಲಿರೋರು ಎಲ್ಲಿ ಹೋಗ್ಬೇಕು? ನನ್ನ ಒಪ್ಪಿಗೆ ಇಲ್ಲ.'

ಕೊನೆಯ ಕುರ್ಚಿಯಲ್ಲಿ ಸದಾ ತೂಕಡಿಸುವ ನಿವೃತ್ತ ಮೇಷ್ಟ್ರು ಕಣ್ಣು ಬಿಟ್ಟರು. ನನ್ನದೂ ಇಲ್ಲ, ಬರ್ಕೊಳ್ಳಿ ಎಂದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಅಧ್ಯಕ್ಷರು ಗೋಡೆಯ ಗಡಿಯಾರ ನೋಡಿದರು. ಸರಿ ಬಿಡಿ, ಜಾಗ ನೋಡ್ಕೊಂಡು ಬಂದು ಮುಂದಿನ ತಿಂಗಳು ಮಾತಾಡೋಣ ಎಂದು ಕುಟ್ಟಿದರು. ಎಂಟನೆಯ ವಿಷಯಕ್ಕೆ ಹೋದರು.

ಎಲ್ಲರೂ ಇಳಿದುಹೋದ ಮೇಲೆ ನಾನು ಹಾಳೆಯ ಮಡಿಕೆ ಬಿಚ್ಚಿಕೊಂಡು ಕೂತೆ. ಮಾಡಬೇಕಾದದ್ದು ಇಷ್ಟೇ: ಏಳನೆಯ ವಿಷಯದ ಕೆಳಗಿನ ಸಾಲಿನ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ 'ಮುಂದೂಡಲಾಯಿತು' ಎಂದು ಬರೆದು, ಅಧ್ಯಕ್ಷರ ಚಿಕ್ಕ ಸಹಿ ಹಾಕಿಸುವುದು. ಅವರಿನ್ನೂ ಕೆಳಗೆ ಯಾರ ಜೊತೆಗೋ ಮಾತಾಡುತ್ತ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಪೆನ್ನನ್ನು ಕಾಗದದ ಹತ್ತಿರ ತಂದೆ. ಒಂಬತ್ತು ವರ್ಷ ಒಂದು ಚಿತ್ತಿಲ್ಲ. ಆ ಹಾಳೆ ಎಷ್ಟು ಚೊಕ್ಕವಾಗಿತ್ತೆಂದರೆ, ಗೆರೆ ಎಳೆಯುವುದು ಮಲಗಿದ ಮಗುವಿನ ಮುಖಕ್ಕೆ ಮಸಿ ಬಳಿದಂತೆ ಕಂಡಿತು. ಇಡೀ ಹಾಳೆಯನ್ನೇ ಹೊಸದಾಗಿ ಬರೆದು, ಸೋಮವಾರ ಹನ್ನೊಂದು ಸಹಿ ಮತ್ತೆ ಹಾಕಿಸಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಬೆರಳಚ್ಚಿನವನು ಬಂದ. ಸಭೆ ಮುಗಿದ ಸಂಜೆಯೇ ಹಾಳೆಗಳನ್ನು ಒಯ್ದು ಆಯಾ ವಿಭಾಗಕ್ಕೆ ಪ್ರತಿ ಕಳಿಸುವುದು ಅವನ ಕೆಲಸ. ಎಲ್ಲ ಸರಿ ಇದೆ ತಾನೇ ಎಂದು ಕೇಳಿದ. ಇಲ್ಲ ಎಂದರೆ ಯಾಕೆ ಎನ್ನುತ್ತಾನೆ. ಸಭೆಗೆ ಮುಂಚೆ ಬರೆದದ್ದು ಅವನಿಗೂ ಗೊತ್ತು, ಆದರೂ ಬಾಯಿ ಬಿಟ್ಟು ಹೇಳುವುದು ಬೇರೆ. ಎಂದಿನ ಹಾಗೇ ಎಂದು ಹಾಳೆ ಕೊಟ್ಟೆ. ನಮ್ಮ ಕಚೇರಿಯಲ್ಲಿ ಒಂದು ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಬರುವಷ್ಟರಲ್ಲಿ ಆಮೆ ಸಂತೆಗೆ ಹೋಗಿ ಬಂದಿರುತ್ತದೆ. ಎರಡು ದಿನಕ್ಕೆ ಏನಾದೀತು?

ಮನೆಗೆ ಬರುವಷ್ಟರಲ್ಲಿ ಅತ್ತಿಗೆ ಸಭೆಯನ್ನು ಅಮ್ಮನ ಮುಂದೆ ಎರಡನೆಯ ಸಲ ನಡೆಸುತ್ತಿದ್ದಳು. ಅಧ್ಯಕ್ಷರ ದನಿ, ಮೇಷ್ಟ್ರ ಆಕಳಿಕೆ, ಎಲ್ಲ ಅವಳೇ. ಪೇಪರ್‌ವೇಟಿಗೆ ಈರುಳ್ಳಿ. ಇಲಿ ಹುಲಿ ಆಯ್ತೇನು ಎಂದ ಅಣ್ಣ, ಆದರೆ ಅವನ ಮುಖ ಅರಳಿತ್ತು. ಅತ್ತಿಗೆ ನನ್ನ ಕಡೆ ತಿರುಗಿದಳು.

'ಎಲ್ಲಾ ಬರ್ಕೊಂಡ್ಯಾ ಮುತ್ತು? ಒಂಬೈನೂರ ಹದಿನಾಲ್ಕು ಅಂತಾನೂ?'

'ಬರ್ಕೊಂಡೆ ಅತ್ತಿಗೆ.'

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಸೋಮವಾರ ಹೊಸ ಹಾಳೆ ಬರೆದೆ. ಒಂಬೈನೂರ ಹದಿನಾಲ್ಕನ್ನೂ ಬರೆದೆ, ಅಂಕಿಯಲ್ಲೂ ಅಕ್ಷರದಲ್ಲೂ. ನಾನು ಬರೆದ ಪುಟಗಳಲ್ಲೇ ಚೆಂದದ್ದು ಅದು. ಸಹಿಗೆ ಹೊರಟರೆ ಮೂವರು ಓದದೆಯೇ ಹಾಕಿದರು. ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು. ಇನ್ನೊಬ್ಬರು, ಮೊನ್ನೆ ತಾನೇ ಹಾಕಿದೀನಲ್ಲ, ಮುಂದಿನ ಸಭೇಲಿ ನೋಡೋಣ ಎಂದರು. ಅತ್ತಿಗೆಯನ್ನು ಕೇಳಲೇ ಇಲ್ಲ. ಕೇಳಿದರೆ ಎರಡನೆಯ ಸಹಿ ಏಕೆಂದು ಹೇಳಬೇಕಿತ್ತು. ಮಂಗಳವಾರ ಬಿಸಿಲು ಜೋರಾಗಿತ್ತು. ನಾಳೆ ಹೋದರಾಯಿತು ಎಂದು ಹಾಳೆಯನ್ನು ಮೇಜಿನ ಖಾನೆಯಲ್ಲಿಟ್ಟೆ.

ಬುಧವಾರ ಬೆಳಿಗ್ಗೆ ಯಂತ್ರ ಬಂತು. ಯಾರ ಪಿತೂರಿಯೂ ಇರಲಿಲ್ಲ. ಮಾರುಕಟ್ಟೆ ಬೀದಿಯಲ್ಲಿ ಚರಂಡಿ ಅಗೆಯಲು ಬಂದಿದ್ದ ಯಂತ್ರವದು. ಅಲ್ಲಿ ಕೆಲಸ ಬೇಗ ಮುಗಿಯಿತು. ಪುರಸಭೆಯ ಎಂಜಿನಿಯರರ ಕೈಯಲ್ಲಿ ಠರಾವಿನ ಪ್ರತಿ ಇತ್ತು. ಮತ್ತೆ ಕರೆಸುವ ಬದಲು ಒಂದೇ ಸಲ ಮುಗಿಸಿಬಿಡಿ ಎಂದರಂತೆ. ಒಂಬತ್ತು ವರ್ಷ ತೆವಳಿದ ಕಚೇರಿ ಆ ಒಂದು ದಿನ ಓಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ಇಪ್ಪತ್ತೆರಡು ಮೆಟ್ಟಿಲು, ಅಮ್ಮ ಕೂರುತ್ತಿದ್ದ ಕಟ್ಟೆಯ ಅರ್ಧ, ಕೆಳಗೆ ರಾಶಿಯಾಗಿ ಬಿದ್ದಿದ್ದವು.

ಅತ್ತಿಗೆ ಸೇತುವೆ ಸುತ್ತಿಕೊಂಡು ಕಚೇರಿಗೆ ಓಡಿ ಬಂದಳು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಅಧ್ಯಕ್ಷರಿಗೂ ಗಾಬರಿಯೇ. ನಾನು ಮುಂದಿನ ತಿಂಗಳು ಅಂದ ಹಾಗಿತ್ತಲ್ಲ ಎಂದು ಹಣೆ ಉಜ್ಜಿಕೊಂಡರು. ನಡಾವಳಿ ತನ್ನಿ ಎಂದರು.

ಖಾನೆ ಎಳೆದೆ. ಬೆರಳಚ್ಚಿನವನು ಪ್ರತಿ ತೆಗೆದು ಮರಳಿಸಿದ್ದ ಹಳೆಯದು, ನಾನು ಬರೆದ ಹೊಸದು, ಎರಡು ಹಾಳೆಗಳೂ ಅಲ್ಲಿದ್ದವು. ಒಂದರ ಮೇಲೆ ಹನ್ನೊಂದು ಸಹಿ, ಒಂದರ ಮೇಲೆ ಮೂರು. ಮೂರರದ್ದನ್ನು ಒಯ್ದಿದ್ದರೆ ಯಂತ್ರ ಅಲ್ಲಿಗೇ ನಿಲ್ಲುತ್ತಿತ್ತು, ಅರವತ್ತನಾಲ್ಕು ಮೆಟ್ಟಿಲು ಉಳಿಯುತ್ತಿದ್ದವು, ಒಡೆದದ್ದನ್ನು ಕಟ್ಟಿಸಬಹುದಿತ್ತು. ನನ್ನ ಕೆಲಸ ಹೋಗುತ್ತಿತ್ತೋ ಏನೋ. ಹೋಗುತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಬೈದು ಬಿಡುತ್ತಿದ್ದರು. ನಾನು ಹನ್ನೊಂದು ಸಹಿಯ ಹಾಳೆ ಒಯ್ದೆ.

ಅಧ್ಯಕ್ಷರು ಓದಿದರು. ಅವರ ಮುಖದಲ್ಲಿದ್ದ ಗೊಂದಲ ನಿಧಾನವಾಗಿ ಇಳಿಯಿತು. ಅದನ್ನು ನಾನು ನೋಡುತ್ತಲೇ ನಿಂತಿದ್ದೆ. ಅಷ್ಟು ಚೊಕ್ಕ ಬರಹದ ಮುಂದೆ ಅವರಿಗೆ ತಮ್ಮ ನೆನಪಿನ ಮೇಲೆಯೇ ನಂಬಿಕೆ ಹೋಯಿತು. 'ಇಲ್ಲಿ ಸರ್ವಾನುಮತ ಅಂತಿದೆ. ನಿಮ್ಮ ಸಹಿನೂ ಇದೆಯಲ್ಲಮ್ಮ' ಎಂದರು.

'ಅದು ಹಾಜರಿ ಅಲ್ವಾ ಸಾರ್?'

'ಹಾಜರಿನೂ ಅದೇ, ಒಪ್ಪಿಗೆನೂ ಅದೇ. ನೀವೇನೋ ಎದ್ದು ಹೇಳಿದ ನೆನಪಿದೆ. ಸ್ಪಷ್ಟವಾಗಿ ಕೇಳಿಸಲಿಲ್ಲವೇನೋ. ಗಟ್ಟಿಯಾಗಿ ಹೇಳ್ಬೇಕಿತ್ತು.'

ಅದೇ ಬೆಳಿಗ್ಗೆ ಊರಿಗೆ ಮರಳಿದ್ದ ಮೇಷ್ಟ್ರನ್ನು ಕರೆಸಿದರು. ಅವರು ಕನ್ನಡಕ ಒರೆಸಿಕೊಂಡು ಹಾಳೆ ಹಿಡಿದರು. ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಬೇಡ ಅಂದೆ ಅಂತಲೇ ನನ್ನ ನೆನಪು ಎಂದರು. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು, 'ವಯಸ್ಸಾಯ್ತು ನೋಡಿ. ಕನಸು ಯಾವುದು, ಸಭೆ ಯಾವುದು ಗೊತ್ತಾಗಲ್ಲ' ಎಂದರು. ಮೂವತ್ತೈದು ವರ್ಷ ಮಕ್ಕಳ ಲೆಕ್ಕ ತಿದ್ದಿದ ಮನುಷ್ಯ. ಅವತ್ತಿನ ಮೇಲೆ ಅವರು ಸಭೆಯಲ್ಲಿ ಎಚ್ಚರವಾಗಿ ಕೂತದ್ದನ್ನು ನಾನು ನೋಡಲಿಲ್ಲ, ಆಮೇಲೆ ಬರುವುದನ್ನೂ ಬಿಟ್ಟರು.

ಅತ್ತಿಗೆ ತನ್ನ ಸಹಿಯ ಮೇಲೆ ಬೆರಳಾಡಿಸಿದಳು. ಸೀಮೆಸುಣ್ಣದ ಪುಡಿ ಅಲ್ಲೊಂದಿಷ್ಟು ಅಂಟಿತು. ಆಮೇಲೆ ಇಳಿದುಹೋದಳು. ನಾನು ಆ ಪುಡಿಯನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸಿದೆ. ಗುರುತು ಉಳಿಯಲಿಲ್ಲ.

ಇದಾಗಿ ಆರು ವರ್ಷ. ಆ ವರ್ಷದ ಪುಸ್ತಕ ಕಪಾಟಿನಲ್ಲಿದೆ, ಅದರಲ್ಲೂ ಒಂದು ಚಿತ್ತಿಲ್ಲ. ಮೂರು ಸಹಿಯ ಹಾಳೆ ನನ್ನ ಬಳಿ ಇದೆ, ಹರಿಯಲೂ ಆಗದೆ, ತೋರಿಸಲೂ ಆಗದೆ. ಅಮ್ಮ ಮೇಲಿನ ಬೀದಿಗೆ ಹೋಗುವುದನ್ನು ನಿಲ್ಲಿಸಿದಳು. ಔಷಧಿಯನ್ನು ನಾನೇ ತರುತ್ತೇನೆ. ಕಟ್ಟೆಯ ಮೇಲಿನ ಮಾತುಕತೆಯನ್ನು ತರಲಾಗುವುದಿಲ್ಲ. ಅತ್ತಿಗೆ ಉಳಿದ ಅವಧಿಯಲ್ಲಿ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಸಹಿ ಹಾಕಿ ಕೂರುತ್ತಿದ್ದಳು. ಅಧ್ಯಕ್ಷರು ಎರಡು ಉಸಿರು ಕಾದು ಕುಟ್ಟುತ್ತಿದ್ದರು. ಮನೆಯಲ್ಲಿ ನನ್ನನ್ನು ಮುತ್ತು ಎಂದೇ ಕರೆಯುತ್ತಾಳೆ, ಈಗಲೂ. ಕೂಗುವುದಿಲ್ಲ ಅಷ್ಟೆ.

ಆ ಬುಧವಾರದ ಸಂಜೆ ನಾನು ಮನೆಗೆ ಬಂದಾಗ ಅಣ್ಣ ಇನ್ನೂ ಬಂದಿರಲಿಲ್ಲ. ಅಮ್ಮ ಒಳಗೆ ಮಲಗಿದ್ದಳು. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ಆ ನೀಲಿ ಅಸ್ತರು, ಯಾರದೋ ಅಂಗಿಗೆ ಜೋಡಿಸಲು ಕತ್ತರಿಸಿದ್ದು. ಗೆರೆಗಳು ಮುಕ್ಕಾಲು ಅಳಿಸಿಹೋಗಿದ್ದವು.

'ಬಾ, ಕೂತ್ಕೋ' ಎಂದಳು. ನಾನು ಬಾಗಿಲಲ್ಲೇ ನಿಂತೆ.

'ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ ಕಣೋ. ಕಿವಿಗೆ ಬಿದ್ದದ್ದನ್ನ ತಾನೇ ನೀನು ಬರೆಯೋದು. ಒಂದೂವರೆ ವರ್ಷ ಆದ್ಮೇಲೆ ಅವತ್ತು ಬಾಯಿ ತೆಗೆದದ್ದು ನೋಡು. ಒಳಗೆ ಅಂದ್ಕೊಂಡದ್ದೆಲ್ಲ ಹೊರಗೆ ಬಂತು ಅಂತ ತಿಳ್ಕೊಂಡ್ನೋ ಏನೋ. ನಿಜ ಹೇಳು ಮುತ್ತು. ನಾನು ಹೇಳಿದ್ದು ನೀನು ಕೂತಿದ್ದ ಜಾಗಕ್ಕೆ ಕೇಳಿಸ್ತಾ?'

ಕೇಳಿಸಿತ್ತು. ಒಂದೊಂದು ಶಬ್ದವೂ ಕೇಳಿಸಿತ್ತು. ಅವಳ ಕೈ ಚಕ್ರದ ಮೇಲಿತ್ತು. ನಾನು ಬಗ್ಗಿ ಚಪ್ಪಲಿ ಬಿಡತೊಡಗಿದೆ.

ಎರಡು ಉಸಿರಿನಷ್ಟು ಹೊತ್ತು ಅತ್ತಿಗೆ ಕಾದಳು. ಆಮೇಲೆ ತಲೆ ತಗ್ಗಿಸಿ, ಚಕ್ರ ತಿರುಗಿಸಿ, ಹೊಲಿಯತೊಡಗಿದಳು.