ನಡುವಿನ ಗುಂಡಿ

ಸ್ವರ ಕೇಳಿಸಿದೊಡನೆ ಅಸಂಕಾನ್ ಅತಾ, ಸಾಲಾಗಿದ್ದ ಮೂರು ಗುಂಡಿಗಳಲ್ಲಿ ಮತ್ತೆ ನಡುವಿನ ಗುಂಡಿಯನ್ನೇ ಒತ್ತಿದರು. ನನಗೆ ರೇಗಿಹೋಯಿತು. ಬಿಷ್ಕೆಕ್‌ನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕಿವಿ ಪರೀಕ್ಷೆ ಮಾಡುತ್ತಿದ್ದೇನೆ, ಇಂಥ ಹಟಮಾರಿಯನ್ನು ಕಂಡಿರಲಿಲ್ಲ.

ಅತಾ ಎಂದರೆ ನಮ್ಮಲ್ಲಿ ಅಜ್ಜ. ಇವರು ನರೀನ್ ಬೆಟ್ಟದ ಕಡೆಯವರು, ನಲವತ್ತು ವರ್ಷ ಮೂರು ತಂತಿಯ ಕೋಮುಜ್ ಮೀಟಿದವರು. ಎರಡು ವರ್ಷದ ಹಿಂದೆ ಜ್ವರ ತಲೆಗೇರಿ ಎರಡೂ ಕಿವಿ ಹೋದವು. ಮತ್ತೆ ಕೇಳಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ತೆಳುವಾದ ವಿದ್ಯುತ್ ತಂತಿ ಸೇರಿಸಿ ಈಗ ಮೂರು ತಿಂಗಳು. ಮಿದುಳಿನಲ್ಲಿ ಸ್ವರಗಳಿಗೆ ಸಾಲಾಗಿ ಜಾಗವಿದೆ: ಒಂದು ತುದಿಗೆ ಮಂದ್ರ, ಇನ್ನೊಂದು ತುದಿಗೆ ತಾರ. ಕಿವಿಯೊಳಗೆ ತಂತಿ ಮಡಚಿಕೊಂಡರೆ ಆ ಸಾಲು ಕಲಸಿಹೋಗುತ್ತದೆ. ಅತಾ ತಾರಸ್ವರಕ್ಕೆ ನಡುವಿನ ಗುಂಡಿ, ಮಧ್ಯದ ಸ್ವರಕ್ಕೆ ಬಲಗಡೆಯದು ಒತ್ತುತ್ತಿದ್ದರು. ತಂತಿ ಮಡಚಿಕೊಂಡಿದೆ, ತೆಗೆದು ಮತ್ತೆ ಹಾಕಬೇಕೆಂದು ಸರ್ಜನ್‌ಗೆ ಪತ್ರ ಬರೆದಿಟ್ಟಿದ್ದೆ. ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಅವರ ಹೃದಯ ಕೈಕೊಡುವುದರಲ್ಲಿತ್ತು.

"ಮತ್ತೆ ಕೊಯ್ಯೋದು ಬೇಡ ಮಗಳೇ," ಎಂದರು ಅತಾ. "ತಗಡು ಬಡಿದ ಹಾಗೆ ಕೇಳುತ್ತೆ, ನಿಜ. ಆದ್ರೆ ಯಾವ ಸ್ವರ ಮೇಲು, ಯಾವುದು ಕೆಳಗೆ ಅಂತ ಗೊತ್ತಾಗುತ್ತೆ."

"ಗೊತ್ತಾದ್ರೆ ಸರಿಯಾದ ಗುಂಡಿ ಒತ್ತಿ ಅತಾ!"

"ಒತ್ತಿದ್ನಲ್ಲ!"

ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಕಲಿಪಾ ಅಪಾ ಗುಂಡಿಗಳನ್ನೇ ನೋಡುತ್ತಿದ್ದರು. "ಇನ್ನೆಲ್ಲಿ ಒತ್ತಬೇಕು? ಕೋಮುಜ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ನಡುವಿನ ತಂತಿದೇ ಅಲ್ವಾ? ನೀನು ಕಿರ್ಗಿಜ್ ಹುಡುಗಿ ತಾನೆ?"

ನಾನು ಪಿಯಾನೊ ಕಲಿತ ಪಟ್ಟಣದವಳು. ಸ್ವರ ಎಡದಿಂದ ಬಲಕ್ಕೆ ಏರುವುದು ಯಾರಿಗೆ ಗೊತ್ತಿಲ್ಲ ಎಂದುಕೊಂಡು, ಯಾವ ಗುಂಡಿ ಯಾವುದಕ್ಕೆಂದು ಹೇಳಿರಲೇ ಇಲ್ಲ. ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ಮೂರು ಭೇಟಿಯಲ್ಲೂ ಅದೇ ಉತ್ತರ, ಒಂದೂ ಆಚೀಚೆ ಇಲ್ಲ. ಸಾಲು ಕಲಸಿಹೋಗಿದ್ದರೆ ಸ್ವರಗಳು ಒಂದರ ಮೇಲೊಂದು ಬಿದ್ದು, ಒಂದೊಂದು ಸಲ ಒಂದೊಂದು ಗುಂಡಿ ಒತ್ತುತ್ತಿದ್ದರು. ಇದು ಮೊದಲೇ ನನಗೆ ಹೊಳೆಯಬೇಕಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಅಪಾ ಚೀಲದಿಂದ ಕೋಮುಜ್ ತೆಗೆದು ಗಂಡನ ತೊಡೆಯ ಮೇಲಿಟ್ಟರು. "ನಿಮಗೆ ಹೇಳ್ದೆ ತಂದೆ. ಬೈಬೇಡಿ."

ಅತಾ ಬೈಯಲಿಲ್ಲ. ನಡುವಿನ ತಂತಿ ಸಡಿಲವಾಗಿತ್ತು. ಮೀಟಿದರು, ಮುಖ ಹಿಂಡಿದರು, ಬಿರಡೆ ತಿರುಗಿಸಿದರು. ಮತ್ತೆ ಮೀಟಿದರು. ಬಿರಡೆ ಸರಿಯಾದ ಕಡೆ ಬಂದು ನಿಂತಿತು. ಅದು ನನ್ನ ಕಿವಿಗೂ ತಿಳಿಯಿತು, ಕಣ್ಣು ತುಂಬಿಬಂತು. ಪತ್ರವನ್ನು ಹರಿದು ಬುಟ್ಟಿಗೆ ಹಾಕಿದೆ.

"ಈಗ ನಿನ್ನ ಪರೀಕ್ಷೆ," ಎಂದು ಅತಾ ಅದೇ ತಂತಿ ಮೀಟಿದರು. "ಒತ್ತು ನೋಡೋಣ."

ಹನ್ನೊಂದು ವರ್ಷದ ಅಭ್ಯಾಸ, ನನ್ನ ಬೆರಳು ತಾನಾಗಿ ಬಲಗಡೆಯ ಗುಂಡಿಗೆ ಹೋಯಿತು.

"ಕಲಿಪಾ, ಸರ್ಜನ್‌ನ ಕರಿಯೇ," ಎಂದರು ಅತಾ. "ಈ ಹುಡುಗಿ ತಲೇಲಿ ತಂತಿ ಮಡಚ್ಕೊಂಡಿದೆ."