ನಾನಿಲ್ಲ ಎಂಬ ಹಿಂಬರಹ

ಹುಟ್ಟಿದ್ದಕ್ಕೆ ಸಾಕ್ಷಿ ತಾ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಎದುರಿಗೇ ನಿಂತಿದ್ದೇನೆ, ಇನ್ನೇನು ಬೇಕು? ಆದರೆ ಬೀದರಿನ ಖೋ ಖೋ ತರಬೇತಿಯ ಸಪನಾ ಮೇಡಂ ಎದುರು ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ. ಕ್ರೀಡಾ ಹಾಸ್ಟೆಲಿಗೆ ನಾನು ಆಯ್ಕೆಯಾಗಿದ್ದೆ. ಶನಿವಾರದೊಳಗೆ ಜನನ ಪ್ರಮಾಣಪತ್ರ ಕೊಡಬೇಕಿತ್ತು. ದಾಖಲೆಯೇ ಇಲ್ಲದಿದ್ದರೆ, ಇಲ್ಲ ಎಂದು ಕಚೇರಿಯವರು ಬರೆದುಕೊಟ್ಟ ಹಿಂಬರಹವನ್ನಾದರೂ ತರಬೇಕು. ಅದಿದ್ದರೆ ಹೊಸದಾಗಿ ನೋಂದಣಿ ಮಾಡಿಸಲು ಎರಡು ತಿಂಗಳು ತಾಳುತ್ತಾರಂತೆ. ಎರಡೂ ಇಲ್ಲವೆಂದರೆ ಸೀಟು ಪಟ್ಟಿಯಲ್ಲಿ ನನ್ನ ಕೆಳಗಿದ್ದ ಭಾಲ್ಕಿಯ ಹುಡುಗಿಗೆ.

ನಾನು ಹುಟ್ಟಿದ್ದು ಔರಾದ ಕಡೆಯ ಒಂದು ಹೊಲದಲ್ಲಿ, ಕುರಿ ನಿಲ್ಲಿಸಿದ್ದ ಜಾಗದಲ್ಲಿ. ಅಪ್ಪ ಮಡೆಪ್ಪ ಕುರಿ ಎಣಿಸುವಾಗ ಒಂದು ಮರಿಯನ್ನೂ ಬಿಡುವವನಲ್ಲ. ಮಗಳನ್ನು ಮಾತ್ರ ಎಲ್ಲೂ ಬರೆಸಿರಲಿಲ್ಲ.

ನಾನು ಮತ್ತು ಅವ್ವ ಲಲಿತಾಬಾಯಿ ಆ ಕಡೆಯ ಜನನ ನೋಂದಣಿ ಕಚೇರಿಗೆ ಮೂರು ಸಲ ಅಲೆದಿದ್ದೆವು. ಇಲ್ಲ ಅನ್ನುವುದು ಬಾಯಲ್ಲಿ ಎಲ್ಲರಿಗೂ ಸಲೀಸು. ಕಾಗದದ ಮೇಲೆ ಬರೆಯಲು ಯಾರ ಕೈಯೂ ಏಳುವುದಿಲ್ಲ. ನಾಳೆ ದಾಖಲೆ ಸಿಕ್ಕರೆ ಬರೆದವನ ನೌಕರಿಗೇ ಕುತ್ತು. ಎಲ್ಲ ವಹಿಗಳನ್ನೂ ನೋಡಿಯೇ ಬರೆಯುತ್ತೇನೆಂದು ಗುಮಾಸ್ತ ಕಾಶೀನಾಥ ಸರ್ ಹೇಳಿದ್ದರು. ಶುಕ್ರವಾರ ಮಧ್ಯಾಹ್ನ ಅವರು ಪುಟ ತಿರುವುತ್ತಿದ್ದರು. ಸಿಕ್ಕರೆ ಪೂರ್ತಿ ಸಿಗಲಿ, ಇಲ್ಲವಾದರೆ ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹೆಣ್ಣು ಮಗು, ತಂದೆ ಮಡೆಪ್ಪ, ತಾಯಿ ಲಲಿತಾಬಾಯಿ, ಸರ್ಕಾರಿ ದವಾಖಾನೆಯಲ್ಲಿ ಜನನ. ಮಗುವಿನ ಹೆಸರಿನ ಜಾಗ ಖಾಲಿ.

ದವಾಖಾನೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ, ಎದ್ದು ಕುಣಿಯುವಷ್ಟು ಖುಷಿಯಾಯಿತು. ಅವ್ವ ಮಾತ್ರ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ಇಕಿ ಅಲ್ಲರಿ," ಅಂದಳು. "ಇಕಿಗಿಂತ ಮೊದಲಿನಾಕಿ. ಐದು ತಿಂಗಳಿನ ಕೂಸಿದ್ದಾಗ ಹೋದಳು."

ನನಗೊಬ್ಬ ಅಕ್ಕ ಇದ್ದಳೆಂದು ಹದಿಮೂರನೆಯ ವಯಸ್ಸಿನಲ್ಲಿ, ಕಚೇರಿಯ ಬೆಂಚಿನ ಮೇಲೆ ಕೂತು ತಿಳಿದುಕೊಂಡೆ. ಅವಳು ಹುಟ್ಟಿದ್ದನ್ನು ದವಾಖಾನೆಯವರು ಬರೆಸಿದ್ದರು, ಸತ್ತದ್ದನ್ನು ಯಾರೂ ಬರೆಸಿರಲಿಲ್ಲ. ಅಪ್ಪ ಅವ್ವ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಕುರಿಗಳ ಜೊತೆ ಮುಂದಿನ ಊರಿಗೆ ಹೋಗಿದ್ದರು. ನನಗೆ ದುಃಖವಾಗಬೇಕಿತ್ತು, ಆದದ್ದು ಹೆದರಿಕೆ.

ಕಾಶೀನಾಥ ಸರ್ ದನಿ ತಗ್ಗಿಸಿ ವಿವರಿಸಿದರು. ಈ ಸಾಲು ಹೆಸರಿಲ್ಲದೆ ಇರುವತನಕ ಮಡೆಪ್ಪನ ಮಗಳ ದಾಖಲೆ ಇಲ್ಲವೆಂದು ಅವರು ಬರೆಯುವಂತಿಲ್ಲ. ಹೆಸರು ಸೇರಿಸಲು ಹದಿನೈದು ವರ್ಷದವರೆಗೆ ಅವಕಾಶ. ಅದು ಮುಗಿಯಲು ಮೂರು ವಾರವಷ್ಟೇ ಇತ್ತು. ಅವರೇನೂ ಕೆಟ್ಟ ಮನುಷ್ಯರಲ್ಲ. ನನ್ನ ಮುಖ ನೋಡಿ ಕನಿಕರಪಟ್ಟೇ ಮುಂದಿನ ಮಾತು ಆಡಿದರು.

"ನೋಡ್ರಿ ಬಾಯಿ, ವಯಸ್ಸಿನಾಗ ಎರಡು ವರ್ಷದ ಫರಕು ಅದ, ನಡೀತದ. ಇಲ್ಲೇ ಸಿದ್ದೇಶ್ವರಿ ಅಂತ ಬರೀತೇನಿ, ಇವತ್ತೇ ಸರ್ಟಿಫಿಕೇಟ್ ಒಯ್ರಿ. ಯಾರಿಗೂ ನುಕ್ಸಾನ ಇಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ. ಅವ್ವ ಕೈ ಚಾಚುತ್ತಿರಲಿಲ್ಲ. ಗಂಟೆ ನಾಲ್ಕು ದಾಟಿತ್ತು. ನಾನು ಅವಳ ಸೆರಗು ಜಗ್ಗಿ, ಹ್ಞೂಂ ಅನ್ನು ಎಂದು ಪಿಸುಗುಟ್ಟಿದೆ. ಸತ್ತವಳಿಗೆ ಕಾಗದ ಯಾಕೆ ಎಂದೂ ಅಂದೆ. ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವ್ವ ನನ್ನ ಕೈ ಬಿಡಿಸಿಕೊಂಡು ಮೇಜಿನ ಹತ್ತಿರ ಹೋದಳು.

"ಅಕಿದು ಅಂತ ಇರೋದು ಇದೊಂದೇ ಸಾಲು, ಸಾಹೇಬ್ರ. ಅದನ್ನ ಇಕಿಗಿ ಹ್ಯಾಂಗ ಕೊಡ್ಲಿ? ಮಾಳಮ್ಮ ಅಂತ ಬರೀರಿ. ತೊಟ್ಟಿಲದಾಗ ಹಾಕಿ ಇಟ್ಟ ಹೆಸರದ."

ಕಾಶೀನಾಥ ಸರ್ ಆ ಖಾಲಿ ಜಾಗದಲ್ಲಿ ಮಾಳಮ್ಮ ಎಂದು ಬರೆದರು. ಆಮೇಲೆ ಗಡಿಬಿಡಿಯಿಂದ ಎದ್ದರು. ಅವ್ವನ ಹೇಳಿಕೆ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿದರು, ಮರಣ ಬರೆಸಲು ಬೇರೆ ಅರ್ಜಿ ತೆಗೆದುಕೊಂಡರು. ಸಹಿ ಹಾಕಬೇಕಾದ ದೊಡ್ಡ ಸಾಹೇಬರು ಬ್ಯಾಗು ಹೆಗಲಿಗೇರಿಸಿ ಹೊರಟಿದ್ದರು. ಮೆಟ್ಟಿಲನ್ನೂ ಇಳಿದುಬಿಟ್ಟರು. ಕಾಶೀನಾಥ ಸರ್ ಓಡಿಹೋಗಿ ಜೀಪಿನ ಹತ್ತಿರವೇ ಸಹಿ ಹಾಕಿಸಿಕೊಂಡು ಬಂದರು.

ಆ ಸಾಲಿಗೆ ಒಡತಿ ಸಿಕ್ಕಿದ್ದಳು. ಹಾಗಾಗಿ ನನ್ನ ಹಿಂಬರಹಕ್ಕೆ ಅಡ್ಡಿಯಿರಲಿಲ್ಲ: 'ಸಿದ್ದೇಶ್ವರಿ ತಂದೆ ಮಡೆಪ್ಪ ಇವರ ಜನನವು ಈ ಕಚೇರಿಯ ದಾಖಲೆಗಳಲ್ಲಿ ಕಂಡುಬಂದಿರುವುದಿಲ್ಲ.' ಮರುದಿನ ಸಪನಾ ಮೇಡಂ ಅದನ್ನು ತೆಗೆದುಕೊಂಡು, ಪಟ್ಟಿಯಲ್ಲಿ ನನ್ನ ಹೆಸರನ್ನು ಹಾಗೇ ಉಳಿಸಿದರು.

ಶುಕ್ರವಾರ ಸಂಜೆಯ ಬೀದರ್ ಬಸ್ಸಿನಲ್ಲಿ ನಾನು ಆ ಕಾಗದವನ್ನು ಎದೆಗೊತ್ತಿಕೊಂಡು ಕೂತಿದ್ದೆ. ಅವ್ವ ತನ್ನ ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಅಕ್ಕನ ಜನನ ಪ್ರಮಾಣಪತ್ರ. ಯಾವಾಗ ಕೇಳಿ ಪಡೆದಳೋ ನಾನು ನೋಡಿರಲಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ.

"ಹೆಸರು ಎಲ್ಲದ?" ಎಂದು ಕೇಳಿದಳು.

ಬೆರಳಿಟ್ಟು ತೋರಿಸಿ ಓದಿದೆ. ಇನ್ನೊಮ್ಮೆ ಓದು ಅಂದಳು. ಬಸ್ಸು ಜನವಾಡ ದಾಟುವತನಕ ಓದಿಸಿದಳು.