ಕರೆಸಿಕೊಂಡು ಬಂದವನು

"ಮಟ್ಟಿಗೆ ಕೈ ಹಾಕ್ಬೇಡ," ಎಂದರು ಗರಡಿಯ ಉಸ್ತಾದ್ ಖಾದರ್ ಬಾಷಾ.

ಚಿಕ್ಕಬೈರಪ್ಪ ಬಾಗಿದವನು ಹಾಗೆಯೇ ನಿಂತ. ಹೆಬ್ಬಾಳದ ಆ ಗರಡಿಯ ಮಟ್ಟಿಯ ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ಅವನು ಯಾವ ದೊಡ್ಡ ಕೆಲಸಕ್ಕೂ ಹೊರಟವನಲ್ಲ. ಇವತ್ತು ಕೋರ್ಟಿನಲ್ಲಿ ಅವನ ಹೇಳಿಕೆ. ಅದಕ್ಕೆಂದೇ ಅಮೃತಹಳ್ಳಿಯಿಂದ ಬೆಳಗಾಗುತ್ತಲೇ ನಡೆದು ಬಂದಿದ್ದ.

"ಯಾಕೆ ಉಸ್ತಾದ್?"

"ಹೋದ ಸಲ ಕೋರ್ಟಲ್ಲಿ ನೀನು ನಕ್ಕೆ. ನಾನು ಹಿಂದಿನ ಬೆಂಚಲ್ಲಿ ಕೂತು ನೋಡ್ದೆ."

ನಕ್ಕದ್ದು ನಿಜ. ಜಗಳ ಹುಟ್ಟಿದ್ದು ದ್ರಾಕ್ಷಿ ತೋಟದ ಬೇಲಿಯಲ್ಲಿ. ಪಕ್ಕದ ಹೊಲದ ಮುನಿವೆಂಕಟಯ್ಯನ ಎಮ್ಮೆ ಬೇಲಿ ನುಗ್ಗಿ ಎಳೆ ಬಳ್ಳಿಗಳನ್ನು ಮೇಯ್ದುಬಿಟ್ಟಿತ್ತು. ಚಿಕ್ಕಬೈರಪ್ಪ ಅವನ ಬಾವಿಯ ಬಳಿಗೇ ಹೋಗಿ, ನೀರಿಗೆ ಬಂದ ಹೆಂಗಸರ ಎದುರು ಬಾಯಿಗೆ ಬಂದಂತೆ ಬೈದ. ಮುನಿವೆಂಕಟಯ್ಯ ತಲೆ ಎತ್ತದೆ ಹುಲ್ಲು ಕೊಯ್ಯುತ್ತಲೇ ಇದ್ದ. ಆ ತಾಳ್ಮೆಯನ್ನೇ ಇವನಿಗೆ ತಡೆದುಕೊಳ್ಳಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ತೊಡೆ ತಟ್ಟಿದ. ಆಗ ಮುನಿವೆಂಕಟಯ್ಯ ಎದ್ದ. ಕೈಯಲ್ಲಿದ್ದ ಕುಡುಗೋಲು ಕೈಯಲ್ಲೇ ಇರುವಂತೆಯೇ ನುಗ್ಗಿ ಬಂದ. ಚಿಕ್ಕಬೈರಪ್ಪ ಅವನ ಮಣಿಕಟ್ಟು ಹಿಡಿದು ತಿರುಚಿ, ಎತ್ತಿ ಒಗೆದ. ಬಾವಿಯ ಕಟ್ಟೆಕಲ್ಲಿಗೆ ಬಡಿದು ಮುನಿವೆಂಕಟಯ್ಯನ ಬಲಗೈ ಮುರಿಯಿತು; ಕೇಸಾಯಿತು.

ಚಿಕ್ಕಬೈರಪ್ಪನ ಲಾಯರು ಎಲ್ಲ ಕೇಳಿ, "ಕುಡುಗೋಲು ತಂದವನು ಅವನು. ನೀನು ಪ್ರಾಣ ಉಳಿಸಿಕೊಂಡೆ. ಆತ್ಮರಕ್ಷಣೆ! ಅಷ್ಟೇ ಹೇಳು. ಕೇಸು ಅವನ ಮೇಲೇ ತಿರುಗುತ್ತೆ," ಎಂದಿದ್ದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಹೋದ ಸಲ ಮುನಿವೆಂಕಟಯ್ಯ ಸಾಕ್ಷಿ ಹೇಳುತ್ತ, "ಕುಡ್ಲು ಇಡ್ದಿದ್ದು ದಿಟ ಸ್ವಾಮಿ. ಇವ್ನು ತೊಡೆ ತಟ್ದ, ಅದುಕ್ಕೆ ಅವನ್ ಮ್ಯಾಲೆ ಓದೆ," ಎಂದಾಗ ಲಾಯರು ಕೇಳಿದ್ದರು:

"ಯಾರ ತೊಡೆ ತಟ್ಟಿದ?"

"ಅವುಂದೇ."

"ಅವನ ತೊಡೆ ಅವನು ತಟ್ಟಿಕೊಂಡರೆ ನಿನಗೆಲ್ಲಿ ನೋವಾಯಿತಯ್ಯಾ?"

ಕೋರ್ಟೆಲ್ಲ ಗೊಳ್ಳೆಂದಿತ್ತು. ಕಟಕಟೆಯಲ್ಲಿದ್ದ ಚಿಕ್ಕಬೈರಪ್ಪನೂ ನಕ್ಕಿದ್ದ.

"ಲಾಯರ್ ಸಾಹೇಬ್ರು ನಗ್ಲಿ," ಎಂದರು ಉಸ್ತಾದರು. "ಅವ್ರು ಮಟ್ಟಿ ತುಳಿದೋರಲ್ಲ. ನೀನು ಹೇಳು, ತೊಡೆ ತಟ್ಟೋದು ಅಂದ್ರೆ ಏನು?"

"ಬಾ ಅಂತ ಕರ್ಯೋದು."

"ಕರೆದೋನು ನೀನು. ಬಂದೋನು ಅವ್ನು. ಕರೆಸ್ಕೊಂಡು ಬಂದೋನ ಕೈ ಮುರಿದು, 'ಅವ್ನೇ ಬಂದ, ಅವ್ನೇ ಬಂದ' ಅಂತ ಅಳ್ತೀಯಲ್ಲೋ ಬೇಟಾ."

"ಅವನ್ ಕೈಲಿ ಕುಡ್ಲು ಇತ್ತು ಉಸ್ತಾದ್."

"ಇತ್ತು. ಅದನ್ನ ಅವ್ನು ಒಪ್ಕೊಂಡ. ನಿಂದು?"

"ಜೈಲಾದ್ರೆ?"

"ನಿನ್ನ ಮನೆಗೆ ರಾಗಿ ನಾನು ಕಳಿಸ್ತೀನಿ." ಉಸ್ತಾದರು ಗೋಡೆಯ ಗೂಡಿನಲ್ಲಿದ್ದ ಹನುಮಂತನ ಪಟದ ಮುಂದೆ ಊದುಬತ್ತಿ ಸಿಕ್ಕಿಸಿ, ಬೆನ್ನು ತಿರುಗಿಸಿಯೇ ಹೇಳಿದರು, "ಹೋಗು, ಬಸ್ ತಪ್ಪುತ್ತೆ."

ಬರೀ ಹಣೆಯಲ್ಲಿ ಬಸ್ಸು ಹತ್ತಿದ. ಚಿಕ್ಕಂದಿನಲ್ಲಿ ಗುಡಿಯ ಜಗಲಿಯಲ್ಲಿ ಹಿರಿಯರು ಪುರಾಣದ ಪದ್ಯ ಓದಿ ಅರ್ಥ ಹೇಳುವಾಗ, ಜಟ್ಟಿಗಳು ತೊಡೆ ತಟ್ಟುವ ಜಾಗ ಬಂತೆಂದರೆ ಅವನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಸೋತವರಿದ್ದರು, ಸತ್ತವರಿದ್ದರು. ತಟ್ಟಿದ ಮೇಲೆ ತಟ್ಟಲಿಲ್ಲ ಎಂದವನು ಒಬ್ಬನೂ ಆ ಪದ್ಯಗಳಲ್ಲಿ ಇರಲಿಲ್ಲ.

ಕೋರ್ಟಿನಲ್ಲಿ ಹೆಸರು ಕೂಗಿದರು. ಮ್ಯಾಜಿಸ್ಟ್ರೇಟರು ಕೇಳಿದರು:

"ಅವನು ಕುಡುಗೋಲು ಹಿಡಿದು ನಿನ್ನ ಮೇಲೆ ಬಂದದ್ದು ನಿಜವೇ?"

"ನಿಜ ಸ್ವಾಮಿ."

ಲಾಯರು ತೃಪ್ತಿಯಿಂದ ತಲೆದೂಗಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಿಕ್ಕಬೈರಪ್ಪ ನಿಲ್ಲಿಸಲಿಲ್ಲ.

"ನಾನೇ ಕರ್ದೆ ಸ್ವಾಮಿ."

"ಹೇಗೆ ಕರೆದೆ?"

"ತೊಡೆ ತಟ್ಟಿ."

ಹಿಂದೆ ಯಾರೋ ಕಿಸಕ್ಕೆಂದರು. ಲಾಯರು ಹಲ್ಲು ಕಚ್ಚಿ ಕಣ್ಸನ್ನೆ ಮಾಡಿದರು. ಮ್ಯಾಜಿಸ್ಟ್ರೇಟರಿಗೂ ನಗು ಬಂದಿತ್ತು. "ಅದೇನಪ್ಪ ಅಂಥ ತಟ್ಟೋದು? ತೋರಿಸು, ನೋಡೋಣ."

ಚಿಕ್ಕಬೈರಪ್ಪನ ಕೈ ಪಂಚೆಯ ತನಕ ಹೋಯಿತು; ಅಲ್ಲಿಂದ ಹಿಂದಕ್ಕೆ ಬಂತು. ಎರಡೂ ಕೈ ಜೋಡಿಸಿದ.

"ಬ್ಯಾಡ ಸ್ವಾಮಿ. ಇಲ್ ತಟ್ಟಿದ್ರೆ ತಮ್ಮನ್ನ ಕರ್ದಂಗಾಯ್ತದೆ."

ನಗು ನಿಂತಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಲಾಯರ ಕಡೆ ತಿರುಗಿ, "ತಾನೇ ಕೆಣಕಿ ಕರೆದವನಿಗೆ ಆತ್ಮರಕ್ಷಣೆಯ ಮಾತು ಅಷ್ಟು ಸುಲಭವಲ್ಲ, ಬಲ್ಲಿರಿ," ಎಂದು ಮೆಲ್ಲಗೆ ಹೇಳಿದರು. ಮುನಿವೆಂಕಟಯ್ಯನನ್ನು ಮುಂದಕ್ಕೆ ಕರೆದರು.

"ಅವನು ಕರೆದರೂ ನೀನು ಹೋಗದೆ ಇರಬಹುದಿತ್ತಲ್ಲ?"

"ಇರ್ಬೋದಿತ್ತು ಸ್ವಾಮಿ. ಆಮ್ಯಾಕೆ ಊರಾಗೆ ತಲೆ ಎತ್ತಾಕಾಯ್ತಿರ್ನಿಲ್ಲ. ಕುಡ್ಲು ಕೆಳಗ್ ಮಡುಗಿ ಓಗ್ಬೇಕಾಗಿತ್ತು. ಅದು ನನ್ ತಪ್ಪು." ಆಮೇಲೆ, "ರಾಜಿ ಆಗೋಂಗಿದ್ರೆ ಮಾಡ್ಬುಡಿ ಸ್ವಾಮಿ. ಅವತ್ತು ನೀವೆಲ್ಲ ನಕ್ಬುಟ್ರಿ. ಇವತ್ತು ಅವ್ನೇ ಯೋಳುದ್ನಲ್ಲ. ನಂಗಷ್ಟೇ ಸಾಕು," ಎಂದ.

ರಾಜಿಗೆ ಕೋರ್ಟು ಒಪ್ಪಿತು. ಚಿಕ್ಕಬೈರಪ್ಪ ಕಟಕಟೆಯಿಂದ ಇಳಿದ. ಜೈಲಿಗೆ ಸಿದ್ಧನಾಗಿ ಬಂದವನನ್ನು ಮನೆಗೆ ಕಳಿಸಿದ್ದು ಲಾಯರಲ್ಲ, ತಾನು ಕೈ ಮುರಿದ ಮನುಷ್ಯ. ಭಗವಂತಾ, ಎಂದುಕೊಂಡ.

ಹೊರಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಮರದಡಿ ನಿಂತರು.

"ಮುನಿವೆಂಕಟಣ್ಣ, ಏನಾರ ತಿನ್ನಾನ ಬಾ," ಎಂದ ಚಿಕ್ಕಬೈರಪ್ಪ.

"ಮತ್ತೆ ಕರ್ದಾ? ಕರ್ದು ಏನ್ ಮುರೀತೀಯೋ ಈ ಸಲ," ಎನ್ನುತ್ತ ಮುನಿವೆಂಕಟಯ್ಯ ಹಿಂದೆಯೇ ಬಂದ.

ಹೋಟೆಲಿನಲ್ಲಿ ಮಸಾಲೆದೋಸೆ ಬಂತು. ಮುನಿವೆಂಕಟಯ್ಯ ತಟ್ಟೆ ನೋಡುತ್ತ ಕುಳಿತ. ಮೂಳೆ ಸೊಟ್ಟಗೆ ಕೂಡಿ, ಬಲಗೈ ಬಾಯಿಯ ತನಕ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ತಿನ್ನಲು ನಾಚಿಕೆ.

"ಮನೇಲಿ ನನ್ ಎಂಡ್ರು ಅಕ್ಕಯ್ಯಮ್ಮ ತಿನ್ನುಸ್ತಾಳೆ. ನಂಗೆ ಕಾಪಿ ಸಾಕು ಬುಡ್ಲಾ."

ಚಿಕ್ಕಬೈರಪ್ಪ ಎದ್ದು ಕೈ ತೊಳೆದು ಬಂದು, ಅವನ ಬೆಂಚಿನಲ್ಲೇ ಒತ್ತಿ ಕುಳಿತ. ದೋಸೆ ಮುರಿದು ಚಟ್ನಿಯಲ್ಲಿ ಅದ್ದಿ ಹಿಡಿದ.

"ಥೂ, ಜನ ನೋಡ್ತಾವ್ರೆ ಕಣ್ಲಾ."

"ನೋಡ್ಲಿ. ಬಾಯ್ ತಗಿ."

ಮುನಿವೆಂಕಟಯ್ಯ ಅತ್ತಿತ್ತ ನೋಡಿ ಬಾಯಿ ತೆರೆದ. ಅಗಿಯುತ್ತ, "ಪಲ್ಯ ಎಲ್ಲೋ ಜಿಪುಣಾ? ಬರೀ ದೋಸೆ ತಿನ್ನುಸ್ತೀಯಾ?" ಎಂದ.

ಅವನ ಮೀಸೆಗೆ ಅಂಟಿದ ಚಟ್ನಿಯನ್ನು ಚಿಕ್ಕಬೈರಪ್ಪ ತನ್ನ ಹೆಗಲಿನ ಟವಲಿನ ತುದಿಯಿಂದ ಒರೆಸಿ, ಪಲ್ಯವಿದ್ದ ಕಡೆಯಿಂದ ಮುಂದಿನ ತುತ್ತು ಮುರಿದ.